ಅಟ್ಟದ ಮೇಲಿನ ಹಳೆಯ ಪತ್ರಿಕೆ



ಅಮೆರಿಕದ ಚಳಿ ರಾಜ್ಯಗಳಲ್ಲಿ ಹಳೆಯ ಮನೆ ಕೊಂಡವರಿಗೆ ಜನವರಿಯ ಹೀಟಿಂಗ್ ಬಿಲ್ ಒಂದು ಪಾಠ ಕಲಿಸುತ್ತದೆ. ಕಾಸು ಕೊಟ್ಟು ಬಿಸಿ ಮಾಡಿದ ಗಾಳಿ ಅಟ್ಟದ ಮೂಲಕ ಹೊರಗೆ ಹೋಗಿರುತ್ತದೆ. ಕಂಟ್ರಾಕ್ಟರನ್ನು ಕರೆಸಿದರೆ "ಸೆಲ್ಯುಲೋಸ್ ಹಾಕಿಸಿ" ಎನ್ನುತ್ತಾರೆ. ಅದೇನೆಂದು ನೋಡಿದರೆ ಹಳೆಯ ಪತ್ರಿಕೆಗಳ ಚೂರು! ಮರದ ಮನೆಯ ನೆತ್ತಿಯ ಮೇಲೆ ಕಾಗದ ತುಂಬುವುದೇ? ಬೆಂಕಿ ಹತ್ತಿದರೆ? ಈ ಅನುಮಾನ ಸಹಜ.

ಸೆಲ್ಯುಲೋಸ್ ಎಂದರೆ ಗಿಡಮರಗಳ ಜೀವಕೋಶದ ಗೋಡೆಯಲ್ಲಿರುವ ನಾರು. ಫ್ರಾನ್ಸಿನ ಆನ್ಸೆಲ್ಮ್ ಪಾಯೆನ್ ಇದನ್ನು 1838ರಲ್ಲಿ ಗುರುತಿಸಿದರು. ಹತ್ತಿಯಲ್ಲಿ ಶೇಕಡ 90ರಷ್ಟು ಇದೇ ಇರುತ್ತದೆ. ಕಾಗದದ ಮೂಲವೂ ಇದೇ. ಅಟ್ಟಕ್ಕೆ ಹಾಕುವ ಸರಕಿನಲ್ಲಿ ಶೇಕಡ 80ರಿಂದ 85 ಭಾಗ ಮರುಬಳಕೆಯ ಕಾಗದ. ಉಳಿದದ್ದು ಸಾಮಾನ್ಯವಾಗಿ ಬೋರಾಕ್ಸ್ ಮತ್ತು ಬೋರಿಕ್ ಆಮ್ಲ. ಊರಲ್ಲಿ ಕೇರಂ ಬೋರ್ಡಿನ ಮೇಲೆ ಉದುರಿಸುತ್ತಿದ್ದೆವಲ್ಲ, ಅದೇ ಬೋರಿಕ್ ಪುಡಿ! ಅದು ಬೆರೆತ ಕಾಗದ ಬೆಂಕಿ ತಾಗಿದರೆ ಕರಿಕಲಾಗುತ್ತದೆ, ಜ್ವಾಲೆ ಸುಲಭವಾಗಿ ಹರಡುವುದಿಲ್ಲ. ಈ ಸುರಕ್ಷತೆಗಾಗಿ 1970ರ ದಶಕದ ಕೊನೆಯಿಂದಲೇ ಅಮೆರಿಕದಲ್ಲಿ ಕೇಂದ್ರ ಸರ್ಕಾರದ ನಿಯಮವಿದೆ.

ಇನ್ನು ಬೆಚ್ಚಗಿಡುವುದು ಹೇಗೆ? ಕಂಬಳಿ ತಾನೇ ಬಿಸಿಯನ್ನು ಹುಟ್ಟಿಸುವುದಿಲ್ಲ. ನಾರುಗಳ ನಡುವೆ ಗಾಳಿಯನ್ನು ಅಲುಗಾಡದಂತೆ ಹಿಡಿದಿಡುತ್ತದೆ. ಸೆಲ್ಯುಲೋಸ್ ಮಾಡುವುದೂ ಅದನ್ನೇ. ಶಾಖವನ್ನು ತಡೆಯುವ ಶಕ್ತಿಯ ಅಳತೆಗೆ ಆರ್-ವ್ಯಾಲ್ಯೂ ಎನ್ನುತ್ತಾರೆ. ಸೆಲ್ಯುಲೋಸಿಗೆ ಇದು ಇಂಚಿಗೆ ಸುಮಾರು 3.5. ಚಳಿ ರಾಜ್ಯಗಳ ಅಟ್ಟಕ್ಕೆ 49ರಿಂದ 60 ಬೇಕು ಎನ್ನುತ್ತಾರೆ, ಅಂದರೆ 14ರಿಂದ 17 ಇಂಚು ದಪ್ಪ.

ಮೋಸ ಹೋಗುವುದು ಇಲ್ಲೇ. ಹಿಂದೆ ನಮ್ಮ ಬೀದಿಗಳಲ್ಲಿ ಹಾಸಿಗೆಯ ಹತ್ತಿ ಹಿಂಜುವವರು ಬರುತ್ತಿದ್ದುದು ನೆನಪಿದೆಯೇ? ಹಿಂಜಿದ ಹತ್ತಿ ಬೆಟ್ಟದಷ್ಟು ಕಾಣುತ್ತಿತ್ತು, ತೂಕ ಮಾತ್ರ ಅಷ್ಟೇ. ಸೆಲ್ಯುಲೋಸನ್ನು ಊದುವ ಯಂತ್ರದಲ್ಲಿ ಗಾಳಿಯನ್ನು ಹೆಚ್ಚಿಸಿದರೂ ಹಾಗೆಯೇ. ಕೆಲಸ ಮುಗಿದ ದಿನ ಇಂಚುಪಟ್ಟಿಯಲ್ಲಿ ದಪ್ಪ ಸರಿಯಾಗಿರುತ್ತದೆ. ಕ್ರಮೇಣ ಕುಸಿದು ಕೂರುತ್ತದೆ. ದುಡ್ಡು ಕೊಟ್ಟು ಗಾಳಿಯನ್ನು ಕೊಂಡಂತಾಯಿತು.

ಆದ್ದರಿಂದ ಇಂಚಿನ ಜೊತೆಗೆ ಚೀಲಗಳನ್ನೂ ಎಣಿಸಿ. ಎಷ್ಟು ಆರ್-ವ್ಯಾಲ್ಯೂ ಬೇಕಾದರೆ 1,000 ಚದರ ಅಡಿಗೆ ಎಷ್ಟು ಚೀಲ ಬೇಕು ಎಂಬ ಪಟ್ಟಿ ಪ್ರತಿ ಚೀಲದ ಮೇಲೂ ಇರುತ್ತದೆ. ಫೆಡರಲ್ ಟ್ರೇಡ್ ಕಮಿಷನ್ನಿನ ನಿಯಮದಂತೆ, ಹಾಕಿದ ವಿಸ್ತೀರ್ಣ, ದಪ್ಪ, ಆರ್-ವ್ಯಾಲ್ಯೂ ಮತ್ತು ಚೀಲಗಳ ಸಂಖ್ಯೆಯನ್ನು ಕಂಟ್ರಾಕ್ಟರ್ ಬರೆದು ಕೊಡಬೇಕು. ಕೇಳಿ ಪಡೆಯಲು ಸಂಕೋಚ ಬೇಡ. ಖಾಲಿ ಚೀಲಗಳನ್ನು ಅಲ್ಲೇ ಬಿಟ್ಟು ಹೋಗಲು ಹೇಳಿ.

ಕೆಲಸ ಶುರುವಾಗುವ ಮುನ್ನ ಇನ್ನೂ ಮೂರು ಮಾತು. ಚಾವಣಿ ಸೋರುತ್ತಿದ್ದರೆ ಮೊದಲು ಅದನ್ನು ರಿಪೇರಿ ಮಾಡಿಸಿ. ಒದ್ದೆಯಾದ ಸೆಲ್ಯುಲೋಸ್ ಮುದ್ದೆಯಾಗಿ ಗಾಳಿಯನ್ನು ಕಳೆದುಕೊಳ್ಳುತ್ತದೆ. ದೀಪ, ವೈರು, ಪೈಪುಗಳ ಸುತ್ತಲಿನ ಸಂದುಗಳನ್ನು ಮುಚ್ಚಿಸಿ. ಆದರೆ ಚಾವಣಿಯೊಳಗೆ ಕೂತ ದೀಪಗಳ ಮೇಲೆ ಇನ್ಸುಲೇಶನ್ ತಾಗಬಹುದೇ ಎಂದು ಎಲೆಕ್ಟ್ರಿಷಿಯನ್ನರನ್ನು ಕೇಳಿಕೊಳ್ಳಿ. ಅಟ್ಟದಲ್ಲಿ ಈಗಾಗಲೇ ಹರಳಿನಂಥ ವರ್ಮಿಕ್ಯುಲೈಟ್ ಇದ್ದರೆ ಕೈ ಹಾಕಬೇಡಿ. ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು, ತಜ್ಞರನ್ನು ಕರೆಸಿ.

ಕಾಗದಕ್ಕೆ ಹೆದರಬೇಕಾಗಿಲ್ಲ, ಲೆಕ್ಕ ತಪ್ಪದಿದ್ದರೆ ಸಾಕು.