ಮಕ್ಕಳಿಗೆ ಹಿತ್ತಾಳೆ ವಾದ್ಯದ ಮೊದಲ ಪಾಠ

ಮರಾಠಿಯ ತುತಾರಿ, ಕನ್ನಡದ ತುತ್ತೂರಿ ಇವೆರಡೂ ಕೇಳಿದೊಡನೆ ನಂಟು ತಿಳಿಯುವ ಶಬ್ದಗಳು. ನಾಸಿಕದ ಸಮೀಪದ ದೇವಳಾಲಿಯಲ್ಲಿಯೂ, 2023ರವರೆಗೆ ಔರಂಗಾಬಾದ್ ಎನಿಸಿದ್ದ ಛತ್ರಪತಿ ಸಂಭಾಜಿನಗರದಲ್ಲಿಯೂ ಬ್ರಿಟಿಷರ ಕಾಲದಿಂದ ದಂಡಿನ ನೆಲೆಗಳುಂಟು. ದಂಡಿನ ಬ್ಯಾಂಡಿನಿಂದ ಮದುವೆಯ ಮೆರವಣಿಗೆಗೆ, ಶಾಲೆಯ ಕವಾಯತಿನ ಬಯಲಿಗೆ ಹಿತ್ತಾಳೆಯ ವಾದ್ಯಗಳು ಹರಡಿದ ಬಗೆ ಭಾರತದ ಅನೇಕ ನಗರಗಳಲ್ಲಿ ಒಂದೇ. ಇಂತಹ ಊರಿನಲ್ಲಿ ನೆಲೆಸಿದ ಕನ್ನಡ ಮನೆಯ ಮಗುವೊಂದು ಟ್ರಂಪೆಟ್ ಕಲಿಯಬಯಸಿದರೆ, ಮೊದಲ ಪಾಠ ಬೆರಳಿಗೋ ಕಿವಿಗೋ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಹಾರ್ಮೋನಿಯಮ್ಮಿನಲ್ಲಿ ಒಂದು ಮನೆಗೆ ಒಂದೇ ಸ್ವರ. ಹಿತ್ತಾಳೆಯ ಕೊಳವೆಯ ಸ್ವಭಾವ ಹಾಗಲ್ಲ. ಇಲ್ಲಿ ನಾದದ ಮೂಲ ಅದುರುವ ತುಟಿ. ಕೊಳವೆ ಆ ಅದುರನ್ನು ತನಗೆ ಒಗ್ಗುವ ಕೆಲವು ಸ್ವರಗಳಲ್ಲಿ ಮಾತ್ರ ಎತ್ತಿಕೊಳ್ಳುತ್ತದೆ. ಗುಂಡಿಗಳಿಲ್ಲದ ಬ್ಯೂಗಲ್ಲಿನಲ್ಲಿ ಷಡ್ಜ, ಪಂಚಮ, ತಾರಷಡ್ಜ, ಅದರ ಮೇಲಣ ಗಾಂಧಾರ ಮತ್ತು ಪಂಚಮ ಇವಿಷ್ಟೇ ಸುಲಭವಾಗಿ ದೊರೆಯುತ್ತವೆ. ಆ ಗಾಂಧಾರವು ಕರ್ಣಾಟಕ ಪದ್ಧತಿಯ ಅಂತರಗಾಂಧಾರ, ಹಿಂದುಸ್ತಾನಿಯ ಶುದ್ಧಗಾಂಧಾರ.

ಉಳಿದ ಸ್ವರಗಳಿಗಾಗಿ ವಾಲ್ವು ಹುಟ್ಟಿತು. 1818ರಲ್ಲಿ ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬವರು ಪ್ರಷ್ಯದಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಗುಂಡಿ ಒತ್ತಿದಾಗ ಗಾಳಿ ಹೆಚ್ಚುವರಿ ಕೊಳವೆಯಲ್ಲಿ ಸುತ್ತಿ ಬರುವುದರಿಂದ ಸ್ವರ ಇಳಿಯುತ್ತದೆ. ನಡುವಿನ ಗುಂಡಿ ಒಂದು ಸ್ವರಸ್ಥಾನವನ್ನೂ, ಮೊದಲನೆಯದು ಎರಡನ್ನೂ, ಮೂರನೆಯದು ಮೂರನ್ನೂ ಇಳಿಸುತ್ತವೆ. ಮೂರೂ ಕೂಡಿದರೆ ಆರು. ಷಡ್ಜದಿಂದ ಪಂಚಮ ಏಳು ಸ್ವರಸ್ಥಾನಗಳ ಮೇಲಿರುವುದರಿಂದ, ಅವೆರಡರ ನಡುವಣ ಬಿಡುವನ್ನು ತುಂಬಲು ಇಷ್ಟೇ ಸಾಕು.

ಆದರೆ ಯಾವ ಗುಂಡಿಯನ್ನೂ ಒತ್ತದಿದ್ದಾಗ ಷಡ್ಜವೂ ಬರಬಹುದು, ಪಂಚಮವೂ ಬರಬಹುದು. ನಿರ್ಣಯಿಸುವುದು ತುಟಿ, ತುಟಿಯನ್ನು ನಡೆಸುವುದು ಕಿವಿ. ಮುಂದಿನ ಮೆರವಣಿಗೆಗೆ ಸಿದ್ಧವಾಗಬೇಕೆಂಬ ಆತುರದಲ್ಲಿ ಬೆರಳಿನ ಪಾಠವನ್ನಷ್ಟೇ ಕಲಿಸಿದರೆ, ಮಗು ಸರಿಯಾದ ಗುಂಡಿ ಒತ್ತಿಯೂ ತಪ್ಪು ಸ್ವರ ಊದುತ್ತದೆ. ಮೇಲಿನ ಸ್ವರಕ್ಕಾಗಿ ವಾದ್ಯವನ್ನು ತುಟಿಗೆ ಒತ್ತಿಹಿಡಿದು ನೋಯಿಸಿಕೊಳ್ಳುತ್ತದೆ. ಕಡೆಗೆ ಸಂಗೀತ ತನಗೆ ಒಲಿಯದೆಂದು ಬಿಟ್ಟುಬಿಡುತ್ತದೆ. ದೋಷ ಮಗುವಿನದಲ್ಲ, ಪಾಠಕ್ರಮದ್ದು.

ಆದಕಾರಣ ಮೊದಲು ಹಾಡಿಸಬೇಕು. ಸ–ಪ–ಸ ಎಂದು ಕಂಠದಲ್ಲಿ ನಿಂತ ಸ್ವರವನ್ನು ತುಟಿ ಹುಡುಕಿಕೊಳ್ಳುತ್ತದೆ. ಆಟದಲ್ಲಿ ಮೋಟಾರಿನ ಸದ್ದು ಮಾಡುವ ಮಗುವಿಗೆ ತುಟಿ ಅದುರಿಸುವುದು ಹೊಸತಲ್ಲ. ಅದನ್ನೇ ತುಸು ಬಿಗಿದು, ಮೊದಲು ಬರಿಯ ಮೌತ್‌ಪೀಸಿನಲ್ಲಿ, ಅನಂತರ ವಾದ್ಯದಲ್ಲಿ ಅಭ್ಯಾಸ ಮಾಡಿಸಬಹುದು. ಮುಂದಿನ ಹಾಲುಹಲ್ಲು ಬಿದ್ದು ಹೊಸ ಹಲ್ಲು ನೆಲೆಗೊಂಡ ಮೇಲೆ, ಸುಮಾರು ಎಂಟನೆಯ ವಯಸ್ಸಿನಲ್ಲಿ, ಆರಂಭ ಸುಗಮ. ಟ್ರಂಪೆಟ್ಟಿನಷ್ಟೇ ಉದ್ದದ ಕೊಳವೆಯನ್ನು ಒತ್ತಾಗಿ ಸುತ್ತಿದ ಕಾರ್ನೆಟ್ಟು ಎಳೆಯ ಕೈಗೆ ಹೆಚ್ಚು ಭಾರವೆನಿಸದು. ಹತ್ತು ನಿಮಿಷ ಊದಿ ವಿಶ್ರಮಿಸುವುದು, ಒಂದು ಗಂಟೆ ಒಂದೇ ಸಮನೆ ಊದುವುದಕ್ಕಿಂತ ಮೇಲು. ಶಾಲೆಯ ವಾದ್ಯ ಹಲವರದಾದರೂ ಮೌತ್‌ಪೀಸು ಮಗುವಿನ ಸ್ವಂತದ್ದಾಗಿರಲಿ. ಎಂಜಲಿನ ಸಂಕೋಚವೂ ಸೋಂಕಿನ ಭಯವೂ ಒಟ್ಟಿಗೆ ತೀರುತ್ತವೆ.

ಸರಿಗಮ ಬೇರೆ, ಬ್ಯಾಂಡು ಬೇರೆ ಎಂಬ ಭಾವನೆಗೆ ಕನ್ನಡನಾಡಿನಲ್ಲಿಯೇ ಉತ್ತರವುಂಟು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಇಂಗ್ಲಿಷ್ ವಿಭಾಗದೊಡನೆ ಕರ್ಣಾಟಕ ವಿಭಾಗವೂ ಇದ್ದಿತು. ಆ ಪರಂಪರೆ ಇಂದು ಮೈಸೂರಿನ ಪೊಲೀಸ್ ಬ್ಯಾಂಡಿನಲ್ಲಿ ಮುಂದುವರಿದಿದೆ. ಮನೆಯಲ್ಲಿ ದೇವರನಾಮ ಕೇಳಿ ಬೆಳೆದ ಮಗು ನಾಸಿಕದ ಶಾಲೆಗೆ ಬರಿಗೈಯಲ್ಲಿ ಹೋಗುವುದಿಲ್ಲ; ಮೊದಲ ಪಾಠವನ್ನು ಅದು ಕಿವಿಯಲ್ಲಿ ಹೊತ್ತೇ ಹೋಗುತ್ತದೆ.