ಮರದ ತೊಗಟೆ ಮೇಲಿನ ಅಕ್ಷರ



ಕುಮಟಾ, ಹೊನ್ನಾವರದ ಕಡೆ ಹೋದವರು ಅಡಿಕೆ ಮರದ ಮೈಮೇಲೆ ಬಿಳಿ ಮಚ್ಚೆಗಳನ್ನು ನೋಡಿರಬೇಕು. ಯಾರೋ ಸುಣ್ಣ ಬಳಿದಾರ ಅನಿಸ್ತದ. ಹತ್ತಿರ ಹೋಗಿ ನೋಡಿದರ ಕೆಲವು ಮಚ್ಚೆಯೊಳಗ ಸಣ್ಣ ಕರೀ ಗೀರು ಕಾಣ್ತಾವ, ಒಂದನೇತ್ತೆ ಹುಡುಗರು ಪಾಟಿ ಮೇಲೆ ಗೀಚಿದಂಗ. ಇದರ ಹೆಸರು ಗ್ರಾಫಿಸ್. ಗ್ರೀಕ್ ಭಾಷೆಯ 'ಬರೆಯುವುದು' ಎಂಬ ಶಬ್ದದಿಂದ ಈ ಹೆಸರು ಬಂದಿದೆ.

ಇದು ಕಲ್ಲುಹೂವಿನ ಬಳಗ. ನಮ್ಮ ಅವ್ವಂದಿರು ಮಸಾಲಿಗೆ ಹಾಕುವ ದಗಡಫೂಲ ಕೂಡ ಇದೇ ಬಳಗದ್ದು. ಹೆಸರು ಕಲ್ಲುಹೂವಾದರೂ ಇದು ಕಲ್ಲಲ್ಲ, ಹೂವೂ ಅಲ್ಲ. ಶಿಲೀಂಧ್ರ ಮತ್ತು ಪಾಚಿ (ನಾವು ಹಾವಸಿ ಅಂತೀವಲ್ಲ) ಕೂಡಿ ಮಾಡಿದ ಸಂಸಾರ. 1860ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸೈಮನ್ ಶ್ವೆಂಡೆನರ್ ಈ ಮಾತು ಹೇಳಿದಾಗ ಆಗಿನ ಅನೇಕ ಪಂಡಿತರು ಒಪ್ಪಲಿಲ್ಲ. ಇವತ್ತು ನಾವು ಅದನ್ನು ಪಾಠವಾಗಿ ಓದುತ್ತೇವೆ.

ಪಾಚಿ ಬಿಸಿಲಿನಿಂದ ಸಕ್ಕರೆ ತಯಾರಿಸುತ್ತದೆ. ಶಿಲೀಂಧ್ರ ಅದನ್ನು ಉಂಡು, ಪಾಚಿಗೆ ಮನೆ ಮತ್ತು ತೇವ ಕೊಡುತ್ತದೆ. ಆ ಕರೀ ಗೀರುಗಳೇ ಶಿಲೀಂಧ್ರದ ಬೀಜಕಗಳು ಹುಟ್ಟುವ ಜಾಗ. ಮರದ ತೊಗಟೆ ಇವಕ್ಕ ಬರೇ ಕುಂಡ್ರೋ ಕಟ್ಟಿ, ಊಟದ ತಾಟಲ್ಲ.

ಆದರೂ ಮರಕ್ಕ ರೋಗ ಬಂತು ಅಂತ ಕೆಲವರು ಇದನ್ನು ಕೆರೆದು ತೆಗೀತಾರ. ಇದು ಬೆಳೆಯುವುದು ಬಹಳ ನಿಧಾನ, ವರ್ಷಕ್ಕೆ ಒಂದೆರಡು ಮಿಲಿಮೀಟರ್ ಆದರೆ ಹೆಚ್ಚು. ಗಾಳಿಯಲ್ಲಿ ಹಾರಿದ ಬೀಜಕ ಒಂಟಿಯಾಗಿ ಬದುಕಲಾರದು, ತನಗೆ ಹೊಂದುವ ಪಾಚಿ ಸಿಗಬೇಕು. ಆದ್ದರಿಂದ ಹಳೇ ಮರ ಕಡಿದರೆ ಒಂದು ಮರವಷ್ಟೇ ಹೋಗುವುದಿಲ್ಲ. ಹಳೇ ಕಾಡಿನ ತಂಪು ತೊಗಟೆಯಲ್ಲೇ ಬದುಕುವ ಅಪರೂಪದ ಜಾತಿಗಳೂ ಹೋಗುತ್ತವೆ. ಹೊಸ ಸಸಿ ನೆಟ್ಟ ಕೂಡಲೇ ಅವು ತಿರುಗಿ ಬರೂದಿಲ್ಲ.

ಕಲ್ಲುಹೂವಿಗೆ ಬೇರಿಲ್ಲ. ಮಳೆ, ಮಂಜು, ಗಾಳಿಯಿಂದಲೇ ಎಲ್ಲಾ ಹೀರುತ್ತದೆ, ಹೊಗೆಯ ವಿಷವನ್ನೂ ಸಹ. ಅದಕ್ಕೇ ಇದನ್ನು ನೋಡಿ ವಿಜ್ಞಾನಿಗಳು ಗಾಳಿ ಎಷ್ಟು ಶುದ್ಧವಿದೆ ಎಂದು ಅಳೆಯುತ್ತಾರೆ.

ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ. ನಮ್ಮ ಬಾದಾಮಿ ತಾಲೂಕಿನಲ್ಲಿ ಅದರ ಐದನೇ ಒಂದು ಪಾಲು ಬಂದರೆ ಪುಣ್ಯ. ಅಷ್ಟು ತೇವ ನಮ್ಮಲ್ಲಿಲ್ಲ. ಆದರೂ ಬನಶಂಕರಿಯ ಹರಿದ್ರಾತೀರ್ಥದ ಸುತ್ತ ತೆಂಗಿನ ತೋಟಗಳಿವೆ, ಊರೊಳಗ ಹಳೇ ಹುಣಸಿ, ಬೇವಿನ ಮರ ಅದಾವ. ಮಳೆ ಬಂದ ಮರುದಿನ ಭೂತಗನ್ನಡಿ ಹಿಡಿದು ತೊಗಟೆ ನೋಡ್ರಿ, ನೀರು ಕುಡಿದ ಕಲ್ಲುಹೂವು ಹಸಿರಾಗಿ ಕಾಣ್ತದ. ಕೆರೆಯಬ್ಯಾಡ್ರಿ. ಚಿತ್ರ ತೆಗೆದು, ಯಾವ ಮರ ಅಂತ ಬರೆದು ತನ್ನಿ. ಮುಂದಿನ ತಿಂಗಳ ಇದೇ ಗೋಡೆಗೆ ಹಚ್ಚೋಣ.