ಹಂಸದ ರೆಕ್ಕೆಯ ಬಳಿಯ ಮಂಕು ನಕ್ಷತ್ರ

ಅಕ್ಟೋಬರ್ ಮೊದಲ ವಾರಗಳಲ್ಲಿ ಮೋಡ ಸರಿದ ರಾತ್ರಿ ಎಂಟರ ಸುಮಾರಿಗೆ ಉತ್ತರಕ್ಕೆ ಮುಖ ಮಾಡಿ ತಲೆ ಎತ್ತಿ ನೋಡಿ. ಕತ್ತು ಚಾಚಿ, ರೆಕ್ಕೆ ಬಿಚ್ಚಿ ಹಾರುತ್ತಿರುವ ಹಕ್ಕಿಯ ಆಕಾರ ಕಾಣುತ್ತದೆ. ಇದೇ ರಾಜಹಂಸ ನಕ್ಷತ್ರಪುಂಜ. ಪಾಶ್ಚಾತ್ಯರ ಸಿಗ್ನಸ್. ಬಾಲದ ತುದಿಯಲ್ಲಿ ಹೊಳೆಯುವುದು ಡೆನೆಬ್.

ನೋಡುವವರ ಕಣ್ಣು ಮೊದಲು ಹೋಗುವುದು ಡೆನೆಬ್‌ನತ್ತ. ಆದರೆ ಖಗೋಳ ವಿಜ್ಞಾನದ ದೊಡ್ಡದೊಂದು ಪ್ರಶ್ನೆಗೆ ಉತ್ತರ ಕೊಟ್ಟದ್ದು ಇದೇ ಪುಂಜದ ಮಂಕು ನಕ್ಷತ್ರ, '61 ಸಿಗ್ನಿ'.

ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಹಿನ್ನೆಲೆಯ ಗೋಡೆಯ ಮೇಲೆ ಅತ್ತಿತ್ತ ಸರಿದಂತೆ ತೋರುತ್ತದೆ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಕೋಪರ್ನಿಕಸ್ 1543ರಲ್ಲಿ ಸಾರಿದ. ಹಾಗಿದ್ದರೆ ಆರು ತಿಂಗಳಲ್ಲಿ ನಾವು ಸುಮಾರು 30 ಕೋಟಿ ಕಿ.ಮೀ. ಆಚೆಗೆ ಹೋಗಿರುತ್ತೇವೆ. ಹತ್ತಿರದ ನಕ್ಷತ್ರಗಳೂ ಬೆರಳಿನಂತೆಯೇ ಸರಿಯಬೇಕಲ್ಲವೇ? ಟೈಕೊ ಬ್ರಾಹೆ ಎಷ್ಟು ಹುಡುಕಿದರೂ ಆ ಸ್ಥಾನಪಲ್ಲಟ ಸಿಗಲಿಲ್ಲ. ಭೂಮಿ ಚಲಿಸುವುದಿಲ್ಲ ಎನ್ನಲು ಅವನಿಗೆ ಅದೂ ಒಂದು ಕಾರಣವಾಯಿತು.

ಇದನ್ನು ಅಳೆದವನು ಜರ್ಮನಿಯ ಫ್ರೆಡ್ರಿಕ್ ಬೆಸೆಲ್. ಹದಿನಾಲ್ಕರ ವಯಸ್ಸಿಗೇ ಶಾಲೆ ಬಿಟ್ಟು ವ್ಯಾಪಾರಿ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದ ಆತ ಗಣಿತವನ್ನೂ ಖಗೋಳವನ್ನೂ ಸ್ವಂತ ಓದಿನಿಂದ ಕಲಿತ. ಹೊಳೆಯುವ ನಕ್ಷತ್ರವೇ ಹತ್ತಿರದ್ದು ಎಂದು ಆತ ನಂಬಲಿಲ್ಲ. 61 ಸಿಗ್ನಿ ಉಳಿದ ನಕ್ಷತ್ರಗಳಿಗಿಂತ ಬಹು ಬೇಗ ಜಾಗ ಬದಲಿಸುವುದನ್ನು ಇಟಲಿಯ ಪಿಯಾಜಿ ಮೊದಲೇ ಗುರುತಿಸಿದ್ದ. ಚಂದ್ರಬಿಂಬದಷ್ಟು ಅಗಲ ಸರಿಯಲು ಅದಕ್ಕೆ ಸುಮಾರು 350 ವರ್ಷ ಸಾಕು! ದೂರದ ವಿಮಾನ ತೆವಳಿದಂತೆ, ತಲೆಯ ಮೇಲಿನ ಗುಬ್ಬಿ ಸರ್ರನೆ ಹೋದಂತೆ ಕಾಣುತ್ತದಷ್ಟೆ. ಹಾಗಾದರೆ ಇದು ಹತ್ತಿರದ್ದೇ ಇರಬೇಕು ಎಂಬುದು ಬೆಸೆಲ್‌ನ ತರ್ಕ.

1838ರಲ್ಲಿ ಆತ ಪ್ರಕಟಿಸಿದ ಕೋನ ಒಂದು ಡಿಗ್ರಿಯ ಹತ್ತು ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 16 ಕಿ.ಮೀ. ದೂರದಿಂದ ನೋಡಿದಷ್ಟು! ಅದರಿಂದ ದೊರೆತ ದೂರ ಸುಮಾರು 10 ಜ್ಯೋತಿರ್ವರ್ಷ. ಇಂದಿನ ಲೆಕ್ಕ 11.4. ಡೆನೆಬ್ ಇರುವುದಾದರೋ ಸಾವಿರಕ್ಕೂ ಹೆಚ್ಚು ಜ್ಯೋತಿರ್ವರ್ಷಗಳಾಚೆ.

ಊರ ದೀಪಗಳಿಂದ ದೂರವಿದ್ದು, ಚಂದ್ರನಿಲ್ಲದ ರಾತ್ರಿಯಾದರೆ 61 ಸಿಗ್ನಿಯನ್ನು ಬರಿಗಣ್ಣಿಗೇ ಹುಡುಕಬಹುದು. ಬಾಲದ ಡೆನೆಬ್, ಎದೆಯ ನಕ್ಷತ್ರ, ಪೂರ್ವದ ಕಡೆಯ ರೆಕ್ಕೆಯ ಪ್ರಕಾಶಮಾನ ನಕ್ಷತ್ರ, ಈ ಮೂರನ್ನು ಸೇರಿಸಿ ಸಮಾಂತರ ಚತುರ್ಭುಜವೊಂದನ್ನು ಕಲ್ಪಿಸಿಕೊಳ್ಳಿ. ಪೂರ್ವಕ್ಕೆ ಬೀಳುವ ನಾಲ್ಕನೆಯ ಮೂಲೆಯಲ್ಲಿ ಮಿಣುಕುವುದೇ ಅದು. ಮಕ್ಕಳಿಗೆ ಡೆನೆಬ್ ತೋರಿಸುವ ತಂದೆ ತಾಯಂದಿರು ಅದನ್ನೂ ಮರೆಯದೆ ತೋರಿಸಲಿ.